ಅಕ್ಕನ ಮಷೀನು, ನನ್ನ ಪಂಪು

ರೀ, ಮಣಿಸರ ಮಾರಾಕ ಕೋಲ್ವಾ ಬೀಚಿಗೆ ಹೊಂಟೇನಿ. ರೊಟ್ಟಿ ಮುಚ್ಚಿಟ್ಟೇನಿ, ಉಣ್ರಿ.

ಸೋಮವಾರ ನಿಮಗ ದಮ್ಮು ಹತ್ತಿದಾಗ, ಬಾಯಾಗ ಒತ್ತಿ ಎಳಕೊಳ್ಳೋ ಪಂಪು ನಾ ಹಿಡದ್ರ ಅದನ್ನ ಸರಿಸಿ, "ನಮ್ಮಕ್ಕನ ಮನಿಗೆ ನಡಿ, ಆಕಿ ಮಷೀನೇ ಚಲೋ" ಅಂದ್ರಿ. ಅಲ್ಲಿ ಆಕಿ ಹೆಗಲಿಗೆ ಒರಗಿ ಔಷಧದ ಆವಿ ಎಳಕೊಂಡ್ರಿ. ನಾ ಬಾಗಲಾಗ ನಿಂತು ಉರಕೊಂಡೆ.

ನಿನ್ನೆ ಡಾಕ್ಟರನ್ನ ಕೇಳಿ ಬಂದೇನಿ. ಎರಡರಾಗೂ ಔಷಧ ಒಂದೇ ಅಂತ. ಪಂಪಿಗೆ ಪ್ಲಾಸ್ಟಿಕ್ ಡಬ್ಬಿ ಹಚ್ಚಿ ಸಾವಕಾಶ ಎಳದ್ರ ಮಷೀನಿನಷ್ಟೇ ಗುಣ ಅಂತ. ಡಬ್ಬಿ ದಿಂಬಿನ ಬಾಜೂಕ ಐತಿ. ಇನ್ಮ್ಯಾಲ ಮೊದಲು ನನ್ನ ಪಂಪು.

ಆದ್ರ ಮಾತಾಡಾಕೂ ಉಸಿರು ಸಾಲದಂಗಾದ್ರ ಪಂಪು ಎಳಕೋತ ಸೀದಾ ಮಡಗಾಂವ ದವಾಖಾನಿಗೆ ಹೋಗಬೇಕಂತ. ಅಲ್ಲಿ ಆಕ್ಸಿಜನ್ ಜೋಡಿ ಈ ಔಷಧಕ್ಕ ಇನ್ನೊಂದು ಔಷಧ ಕೂಡಿಸಿ ಕೊಡ್ತಾರಂತ. ಆವಾಗ ನನ್ನ ದಾರಿ ಕಾಯಬ್ಯಾಡ್ರಿ, ಅಕ್ಕನ್ನ ಕರಕೊಂಡು ಹೋಗ್ರಿ. ಹೊಟ್ಟಿಕಿಚ್ಚು ನಾ ಆಮ್ಯಾಲ ಪಡ್ತೀನಿ.

ಹೇಮಿಬಾಯಿ