ಶನಿವಾರದ ಪತ್ರಿಕೆ ನಿಂತ ಕಾರಣ

ಮಾರ್ಚ್ ಹನ್ನೊಂದು, ಬುಧವಾರ ಬೆಳಿಗ್ಗೆ

ನನ್ನ ಗುಬ್ಬಿಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದ.

ಹದಿನೆಂಟು ವರ್ಷದ ಮೇಲೆ ನನ್ನ ಅಕ್ಷರ ಕಂಡು ಲಕೋಟೆಯನ್ನು ಒಡೆಯದೆ ಪಕ್ಕಕ್ಕಿಟ್ಟಿರುತ್ತೀಯೇನೋ. ಒಡೆದಿದ್ದರೆ ಕೊನೆಯವರೆಗೂ ಓದು. ಆಮೇಲೆ ಹರಿದು ಹಾಕಿದರೂ ಸರಿ.

ಇಲ್ಲಿಯ ಗ್ರಂಥಾಲಯದವರು ಊರಿನ ಪತ್ರಿಕೆಗಳ ಚರಿತ್ರೆ ಎಂದು ಒಂದು ಚಿಕ್ಕ ಪುಸ್ತಕ ಮಾಡುತ್ತಿದ್ದಾರೆ. ಈ ಊರು ಕಂಡದ್ದೇ ಎರಡು ಪತ್ರಿಕೆ, ಎರಡೂ ನಮ್ಮ ಮನೆಯವು, ಇದಕ್ಕೂ ಒಂದು ಚರಿತ್ರೆಯೇ ಎಂದು ನನಗೆ ನಗು ಬಂತು. ಗ್ರಂಥಪಾಲಕರು ಮೂರು ಸಲ ಬಂದು, ಹಳೆಯ ಸಂಚಿಕೆಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೇಳಿದರು. ನೆನಪಿದ್ದಷ್ಟು ಹೇಳಿದೆ. ಮಾವ ಒಂದೇ ಹಾಳೆಯನ್ನು ಮಡಿಸಿ ನಾಲ್ಕು ಪುಟ ಮಾಡುತ್ತಿದ್ದದ್ದು, ಅದರಲ್ಲಿ ಬಸ್ಸಿನ ವೇಳೆ, ಪರೀಕ್ಷೆಯ ಫಲಿತಾಂಶ, ಕಳೆದುಹೋದ ಸೈಕಲ್ಲು ಎಲ್ಲವೂ ಇರುತ್ತಿದ್ದದ್ದು, ಜನ ಮಾತ್ರ ಕೊನೆಯ ಪುಟದಲ್ಲಿ ಯಾರು ತೀರಿಕೊಂಡರು ಎಂದು ನೋಡಿಯೇ ಮೊದಲ ಪುಟಕ್ಕೆ ಬರುತ್ತಿದ್ದದ್ದು. ಮಾವ ಹೋದ ಮೇಲೆ, ನೀರಿನ ಟ್ಯಾಂಕಿನ ಸುದ್ದಿ ಹಾಕಬೇಕೋ ಬೇಡವೋ ಎಂದು ಅಣ್ಣತಮ್ಮಂದಿರು ಜಗಳವಾಡಿ, ನಿನ್ನವರು ಬೇರೆ ಪತ್ರಿಕೆ ತೆಗೆದದ್ದು. ಅಣ್ಣನದು ಗುರುವಾರ, ತಮ್ಮನದು ಶನಿವಾರ. ಊರಿಗೆಲ್ಲ ಇದ್ದದ್ದು ಒಂದೇ ಯಂತ್ರ, ಹಾಗಾಗಿ ಮಾತು ಬಿಟ್ಟ ಮೇಲೂ ಎರಡೂ ನಮ್ಮ ಹಿಂದಿನ ಕೋಣೆಯಲ್ಲೇ ಅಚ್ಚಾಗುತ್ತಿದ್ದವು. ಅವರು ಅಲ್ಲಿ ಮುಖ ತಿರುಗಿಸಿಕೊಂಡಿದ್ದರೆ ನೀನು ನಾನು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಅವರಿಬ್ಬರನ್ನೂ ಆಡಿಕೊಳ್ಳುತ್ತಿದ್ದೆವು. ನಿಮ್ಮದು ಗುರುವಾರದ ಗುಮ್ಮ, ನಮ್ಮದು ಶನಿವಾರದ ಶನಿ ಎಂದು ನೀನಂದದ್ದಕ್ಕೆ ನಾನು ಈಳಿಗೆ ಬಿಟ್ಟು ನಕ್ಕಿದ್ದೆ.

ಮೂರನೆಯ ಸಲ ಗ್ರಂಥಪಾಲಕರು ತಾವು ಬರೆದದ್ದನ್ನು ಓದಿ ಹೇಳಿದರು. ಅದರಲ್ಲಿ ಒಂದು ಸಾಲು: ‘ಎರಡನೆಯ ಪತ್ರಿಕೆಯು ಸಂಪಾದಕರ ಅಜಾಗರೂಕತೆಯಿಂದ ನಿಂತುಹೋಯಿತು.’ ಅವರು ಮುಂದೆ ಓದುತ್ತಲೇ ಹೋದರು. ನನಗೆ ಮುಂದಿನದು ಕೇಳಿಸಲಿಲ್ಲ.

ನಿನಗೆ ಗೊತ್ತಿರುವ ಕತೆಯನ್ನೇ ಮತ್ತೆ ಹೇಳುತ್ತೇನೆ. ಗೊತ್ತಿಲ್ಲದ್ದು ಅದರ ನಡುವೆ ಇದೆ.

ಆಸ್ಪತ್ರೆಯ ಕಾಂಪೌಂಡರು ತೀರಿಕೊಂಡ ವಾರ. ಅವರ ಫೋಟೋದ ಅಚ್ಚು ಹಾಕಲು ನಿನ್ನವರು ಡ್ರಾಯರಿಗೆ ಕೈ ಹಾಕಿ, ಕಾಂಪೌಂಡರ ತಮ್ಮ ಹೆಡ್‌ಮಾಸ್ಟರ ಅಚ್ಚನ್ನು ತೆಗೆದರು. ಹಿಂದೆ ಅಂಟಿಸಿದ್ದ ಹೆಸರಿನ ಚೀಟಿ ಉದುರಿತ್ತು, ಆ ಅಣ್ಣತಮ್ಮಂದಿರ ಮುಖವೂ ಒಂದೇ ಎರಕ. ಪ್ರೂಫ್ ಎಂದಿನಂತೆ ನನ್ನ ಹತ್ತಿರ ಬಂತು. ಹೈಸ್ಕೂಲು ಮುಗಿಸಿದವಳೆಂದು ಮಾವ ನನಗೆ ವಹಿಸಿದ್ದ ಕೆಲಸ. ಹಾಳೆಯ ಮೂಲೆಯಲ್ಲಿ ‘ನೋಡಿದೆ’ ಎಂದು ನಾನು ಬರೆಯದೆ ಯಂತ್ರ ತಿರುಗಕೂಡದು ಎಂಬುದು ಅವರು ಹಾಕಿಕೊಟ್ಟ ಕಟ್ಟಳೆ.

ಮೊದಲ ಪುಟದಲ್ಲಿ ನಿನ್ನವರು ನಮ್ಮ ಪತ್ರಿಕೆಯನ್ನು ಚುಚ್ಚಿದ್ದರು. ಗುರುವಾರದ ಪತ್ರಿಕೆಗೆ ಕಣ್ಣು ಬೇಡ, ಪೊಟ್ಟಣ ಕಟ್ಟಲು ಕೈ ಇದ್ದರೆ ಸಾಕು ಎಂದು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ. ಆ ತಿಂಗಳಷ್ಟೇ ನಿನ್ನ ಭಾವನ ಒಂದು ಕಣ್ಣು ಹೋಗಿತ್ತು, ಗುಬ್ಬಿ. ನಿನಗೂ ಹೇಳಿರಲಿಲ್ಲ. ನಿನ್ನವರು ಅದು ತಿಳಿಯದೆಯೇ ಬರೆದದ್ದು ಎಂದು ಗೊತ್ತಿದ್ದೂ ನನ್ನ ಮೈ ಉರಿಯಿತು.

ಆ ಉರಿಯಲ್ಲೇ ಕೊನೆಯ ಪುಟ ತಿರುಗಿಸಿದೆ. ಹೆಡ್‌ಮಾಸ್ಟರ ಮುಖ. ಅವತ್ತು ಬೆಳಿಗ್ಗೆ ತಾನೇ ಅವರು ಕಂಕುಳಲ್ಲಿ ಕೊಡೆ ಇಟ್ಟುಕೊಂಡು ನಮ್ಮ ಬೀದಿಯಲ್ಲಿ ಹೋದದ್ದನ್ನು ಕಂಡಿದ್ದೆ. ಒಂದು ವಾರ ಊರು ನಗಲಿ ಎಂದುಕೊಂಡೆ. ‘ನೋಡಿದೆ’ ಎಂದು ಬರೆದೆ.

ಊರು ನಕ್ಕಿತು. ಹೆಡ್‌ಮಾಸ್ಟರೇ ಕ್ಷೌರದಂಗಡಿಯಲ್ಲಿ ಕೂತು, “ನಾನು ಸತ್ತಿದ್ದು ನನಗೊಂದು ಮಾತು ಹೇಳಬಾರದಿತ್ತೇನಪ್ಪ,” ಅಂದರಂತೆ. ಎರಡು ದಿನ ಹಾಗೇ ಹೋಯಿತು. ಅವರ ತಾಯಿ ದೂರದ ಊರಿನಲ್ಲಿ ಮಗಳ ಮನೆಯಲ್ಲಿದ್ದರಲ್ಲ, ತೊಂಬತ್ತು ದಾಟಿದವರು. ದೊಡ್ಡ ಮಗ ಹೋದದ್ದನ್ನು ಮೆಲ್ಲಗೆ ತಿಳಿಸಿದರಾಯಿತೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಂಚೆಯಲ್ಲಿ ಪತ್ರಿಕೆ ಬಂತು. ಓದಲು ಬಾರದ ಮುದುಕಿ ಎಲ್ಲರಂತೆ ಕೊನೆಯ ಪುಟ ತೆಗೆದು ಚಿಕ್ಕ ಮಗನ ಮುಖ ಕಂಡರು. ಅವನಲ್ಲಮ್ಮ, ಹೋದದ್ದು ದೊಡ್ಡವನು ಎಂದು ಮಗಳು ಹೇಳಬೇಕಾಯಿತು. ಹೆಡ್‌ಮಾಸ್ಟರು ಓಡಿಹೋಗಿ ಎದುರಿಗೆ ನಿಂತಾಗ ತಾಯಿಗೆ ಮಾತು ನಿಂತಿತ್ತು. ಐದನೆಯ ದಿನ ಹೋದರು.

ಆಮೇಲಿನದು ನಿನಗೆ ನನಗಿಂತ ಚೆನ್ನಾಗಿ ಗೊತ್ತು. ಜನ ಶನಿವಾರದ ಪತ್ರಿಕೆಯನ್ನು ಬಾಗಿಲಲ್ಲೇ ಹಿಂದಿರುಗಿಸಿದರು. ನಾಲ್ಕು ತಿಂಗಳಿಗೆ ಮುಚ್ಚಿತು. ಪ್ರೂಫ್ ನೋಡಿಯಾದ ಮೇಲೆ ಕೊನೆಗಳಿಗೆಯಲ್ಲಿ ಅಚ್ಚು ಬದಲಿಸಿದವನು ನಾನೇ ಎಂದು ನಿನ್ನವರು ಊರಿಗೆಲ್ಲ ಹೇಳಿದರು. ಗಡಿಬಿಡಿಯಲ್ಲಿ ಅವರಿಗೆ ನೆನಪು ತಪ್ಪಿರಬೇಕು ಎಂದುಕೊಂಡು ನಾನು ಸುಮ್ಮನಾದೆ. ಅದಕ್ಕೂ ಮೊದಲು, ಆ ತಾಯಿ ಹೋದ ಸುದ್ದಿ ಬಂದ ದಿನವೇ, ನೀನು ನನ್ನ ಅಡುಗೆಮನೆಯಲ್ಲೇ ನಿಂತು, “ಒಂದು ಮುಖ ನೋಡಿ ಹಾಕೋಕೆ ಆಗ್ಲಿಲ್ವಾ ನಿಮಗೆ?” ಎಂದು ಅವರನ್ನು ಕೇಳಿದಾಗ ನಾನು ಒಲೆಯ ಕಡೆ ತಿರುಗಿ ನಿಂತಿದ್ದೆ.

ಊರು ಬಿಟ್ಟ ಮೇಲೆ ನೀನು ಬರೆದ ಎಂಟು ಪತ್ರಗಳಿಗೂ ನಾನು ಉತ್ತರ ಬರೆಯಲಿಲ್ಲ. ‘ಗಂಡನ ಪತ್ರಿಕೆ ಉಳಿಯಿತೆಂಬ ಸೊಕ್ಕು ನಿನಗೆ’ ಎಂದು ಒಂಬತ್ತನೆಯದರಲ್ಲಿ ನೀನು ಬರೆದೆ. ಅದೇ ಪತ್ರದಲ್ಲಿ, ಇವರನ್ನು ನಂಬಿ ಒಂದು ಅರ್ಜಿಯನ್ನೂ ಬರೆಸುವುದಿಲ್ಲ, ಬರೆದರೂ ನಾನು ಎರಡು ಸಲ ಓದಿಯೇ ಕಳಿಸುತ್ತೇನೆ ಎಂದೂ ನೀನು ಬರೆದಿದ್ದೆ. ಆ ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಹೋದ ವರ್ಷದ ಹಿಂದಿನ ವರ್ಷ ನಿನ್ನವರು ತೀರಿಕೊಂಡಾಗ ಬಸ್‌ ನಿಲ್ದಾಣದವರೆಗೂ ಬಂದಿದ್ದೆ. ಬಸ್ಸು ಹೊರಟಿತು, ನಾನು ಹತ್ತಲಿಲ್ಲ.

ಗ್ರಂಥಪಾಲಕರಿಗೆ ಎಲ್ಲ ಹೇಳಿದೆ. ಪ್ರೂಫ್ ಹಾಳೆ ನನ್ನ ಹತ್ತಿರವೇ ಇತ್ತು, ಅದನ್ನೂ ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿ, “ಬಿಡಿ ಅಮ್ಮ. ಅಣ್ಣ ತಮ್ಮ ಇಬ್ರೂ ಹೋಗಿಯಾಯ್ತು. ಈಗ ಇದು ಯಾರಿಗೆ ಬೇಕು?” ಅಂದರು.

“ನನ್ನ ತಂಗಿಗೆ ಬೇಕು,” ಅಂದೆ.

ಆ ಸಾಲು ಹೊಡೆದು, ಪ್ರೂಫ್ ನೋಡುತ್ತಿದ್ದ ಅಣ್ಣನ ಹೆಂಡತಿ ತಪ್ಪನ್ನು ಕಂಡೂ ಬಿಟ್ಟರು ಎಂದು ನನ್ನೆದುರೇ ಬರೆದುಕೊಂಡರು. ಸೋಮವಾರ ಪುಸ್ತಕ ಅಚ್ಚಿಗೆ ಹೋಗುತ್ತದೆ. ಅದನ್ನು ಯಾರಾದರೂ ನಿನ್ನ ಕೈಗೆ ಕೊಡುವ ಮುಂಚೆ ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಅವರ ಕೈಯಲ್ಲಿ ತಪ್ಪಾದದ್ದು ನಿಜ. ಅದನ್ನು ತಡೆಯುವ ಕೆಲಸ ನನ್ನದಾಗಿತ್ತು, ನಾನು ತಡೆಯಲಿಲ್ಲ.

ಆಗ ಪತ್ರಗಳಲ್ಲಿ ಬರೆಯುತ್ತಿದ್ದ ಮಂಡಿ ನೋವು ಈಗ ಹೇಗಿದೆ? ಮೆಟ್ಟಿಲು ಜಾಸ್ತಿ ಹತ್ತಬೇಡ.

ಇಂತಿ,
ನಿನ್ನ ಅಕ್ಕ

ಸಹಿ ಹಾಕಿದ ಮೇಲೆ:
ನಿನ್ನವರಿಗೆ ನೆನಪು ತಪ್ಪಿರಬೇಕು ಎಂದು ಮೇಲೆ ಬರೆದದ್ದು ಸುಳ್ಳು. ಆ ಮುದುಕಿ ಹೋದ ಸುದ್ದಿ ಬಂದ ಮಧ್ಯಾಹ್ನ ಅವರೊಬ್ಬರೇ ನಮ್ಮ ಹಿಂಬಾಗಿಲಿಗೆ ಬಂದಿದ್ದರು. ಪ್ರೂಫ್ ಹಾಳೆಯನ್ನು ನನ್ನ ಕೈಗೆ ಕೊಟ್ಟು, “ಅತ್ತಿಗೆ, ಇದನ್ನ ಒಲೆಗೆ ಹಾಕಿಬಿಡಿ. ಅವಳಿಗೆ ಗೊತ್ತಾದ್ರೆ ನಿಮ್ಮ ಮುಖ ನೋಡಲ್ಲ. ಅವಳಿಗೆ ಅಂತ ಇರೋದು ನೀವೊಬ್ರೇ,” ಅಂದರು. ಯಾಕೆ ಹೀಗೆ ಮಾಡಿದಿರಿ ಎಂದು ಅವರು ನನ್ನನ್ನು ಕೇಳಲಿಲ್ಲ. ನೀನು ನನ್ನ ಅಡುಗೆಮನೆಗೆ ಬಂದು ಅವರನ್ನು ಕೇಳಿದೆಯಲ್ಲ, ಅದು ಇದಾಗಿ ಒಂದು ಗಂಟೆಯ ಮೇಲೆ.