ಮೂರನೇ ತಿಂಗಳಿಗೆ ಕಳಿಸಿದ್ದು

ಹೊನ್ನವಳ್ಳಿ
೧೪-೧೧-೧೯೭೮

ಚಿ. ಸೌ. ಗಿರಿಜಾಂಬಿಕಾಳಿಗೆ ನಿನ್ನ ಅವ್ವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ಈ ಸಲ ಬರೆಯಲು ಕೈ ಬರುತ್ತಿಲ್ಲ.

ಮೊನ್ನೆ ಪಕ್ಕದ ಮನೆ ರಂಗಕ್ಕನ ಜೊತೆ ಟೆಂಟಿನಲ್ಲಿ ಮೊದಲನೇ ಆಟಕ್ಕೆ ಹೋಗಿದ್ದೆ. ಈ ವಯಸ್ಸಿನಲ್ಲಿ ಅವ್ವನಿಗೆ ಸಿನಿಮಾ ಹುಚ್ಚು ಎಂದು ನಗಬೇಡ. ಅದರಲ್ಲೊಬ್ಬಳು ಬಾಣಂತಿ. ತೊಟ್ಟಿಲಿಗೆ ಬೆನ್ನು ಮಾಡಿ ಗೋಡೆ ನೋಡುತ್ತಾ ಕೂತಿರುತ್ತಾಳೆ. ಮಗು ಅತ್ತರೂ ತಿರುಗುವುದಿಲ್ಲ. ಹಿಂದೆ ಕೂತ ಹೆಂಗಸರು ಎಂಥಾ ತಾಯಿ ಎಂದು ಬೈದರು. ನನಗೆ ನಮ್ಮ ನಡುಮನೆಯಲ್ಲಿ ನೀನು ಕೂತಿದ್ದೇ ಕಂಡಿತು. ನಾನು ಅಳುವುದು ನೋಡಿ ರಂಗಕ್ಕ, "ಸುಮ್ಕಿರು ಕಣವ್ವ, ಬರೀ ಸಿನಿಮಾ ಕಣೇ" ಎಂದಳು.

ಐದು ತಿಂಗಳು ಬಾಣಂತನ ಮಾಡುವುದು ನಮ್ಮ ಮನೆಯ ಪದ್ಧತಿ. ನೀನು ಮಂಕಾಗಿದ್ದದ್ದನ್ನು ಕಂಡು ಗಂಡನ ನೆನಪು ಎಂದುಕೊಂಡೆ. ಮೂರಕ್ಕೇ ಮಡಿಲಕ್ಕಿ ಹಾಕಿ, ಕೊಬ್ಬರಿ ಚೀಲದ ಜೊತೆ ಅಮ್ಮಸಂದ್ರಕ್ಕೆ, ಗಂಡನ ಮನೆಗೆ ಕಳಿಸಿಬಿಟ್ಟೆ. ಬಸ್ಸಿನಿಂದ ನೀನು ತಿರುಗಿಯೂ ನೋಡದಿದ್ದಾಗ, ಅವಸರ ನೋಡು ಎಂದು ಎಲ್ಲರೆದುರು ನಗಾಡಿದೆ. ಹೋದ ತಿಂಗಳು, "ಮಗು ಯಾರದೋ ಅನ್ನಿಸುತ್ತದೆ, ನಾನಿಲ್ಲದಿದ್ದರೇ ಅದಕ್ಕೆ ಒಳ್ಳೆಯದು" ಎಂದು ನೀನು ಬರೆದೆ. ಅದಕ್ಕೆ ನಾನು ಮೆಂತ್ಯದ ಉಂಡೆ ಕಳಿಸಿದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇದುವರೆಗೆ ಯಾರಿಗೂ ಹೇಳದ್ದೊಂದು ಹೇಳುತ್ತೇನೆ. ನೀನು ಹುಟ್ಟಿದಾಗ ನನಗೂ ಹೀಗೇ ಆಗಿತ್ತು. ಎರಡು ತಿಂಗಳು ನಿನ್ನ ಮುಖ ನೋಡಲು ಮನಸ್ಸಾಗಲಿಲ್ಲ. ಗಾಳಿ ಸೋಕಿದೆ ಎಂದು ದಾರ ಕಟ್ಟಿಸಿದರು. ಲೋಕದಲ್ಲಿ ನಾನೊಬ್ಬಳೇ ಕೆಟ್ಟ ತಾಯಿ ಎಂದುಕೊಂಡು ಬಾಯಿ ಮುಚ್ಚಿಕೊಂಡೆ. ಆಮೇಲೆ ನಿನ್ನನ್ನು ಎಷ್ಟು ಮುದ್ದು ಮಾಡಿದೆ ಎಂಬುದು ನಿನಗೇ ಗೊತ್ತು.

ಸಿನಿಮಾದವಳಿಗೆ ಒಂದು ಹಾಡಿಗೆ ವಾಸಿಯಾಯಿತು. ಅದೆಲ್ಲ ಸುಳ್ಳು, ಹಾಗಿದ್ದರೆ ಮನೆಯ ರೇಡಿಯೋ ಸಾಕಿತ್ತು. ತಿಪಟೂರಿನ ಡಾಕ್ಟರಮ್ಮನನ್ನು ಕೇಳಿದೆ. ಇದು ಬಾಣಂತಿಯರಿಗೆ ಬರುವ ಕಾಯಿಲೆ, ಕೊಬ್ಬಲ್ಲ, ದೆವ್ವವಲ್ಲ, ಔಷಧಿಯಿದೆ, ನಿಧಾನವಾಗಿ ಗುಣವಾಗುತ್ತದೆ, ಒಂಟಿಯಾಗಿ ಬಿಡಬೇಡಿ, ಬೇಗ ಕರೆತನ್ನಿ ಎಂದರು. ಬಂದುಬಿಡು ಮಗಳೇ. ಮಗುವನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಎತ್ತಿಕೊಳ್ಳಲೇಬೇಕೆಂದು ಯಾರೂ ಹೇಳುವುದಿಲ್ಲ. ನಿನ್ನ ಅತ್ತೆಯವರಿಗೂ ಬೇರೆ ಕಾಗದ ಬರೆದಿದ್ದೇನೆ.

ನಿನ್ನ ಅವ್ವ,
ದ್ರಾಕ್ಷಾಯಣಮ್ಮ

ತಾ.ಕ.: ಆ ಸಿನಿಮಾ ಮೊದಲು ನೋಡಿದ್ದು ನಾನಲ್ಲ, ನಿನ್ನಪ್ಪ. ಬಂದು ಊಟಕ್ಕೆ ಕೂತವರು, "ನಮ್ಮ ಗಿರಿಜನೂ ಹಿಂಗೇ ಕುಂತಿದ್ಲಲ್ಲೇ" ಎಂದು ತಟ್ಟೆಯ ಮುಂದೆ ಅತ್ತುಬಿಟ್ಟರು. ಮಾರನೆಯ ದಿನ ನನ್ನನ್ನು ಟೆಂಟಿಗೆ ಕಳಿಸಿದ್ದೂ ಅವರೇ. ಈ ಕಾಗದವನ್ನು ಅಂಚೆಗೆ ಹಾಕಲು ಬಿಡಲಿಲ್ಲ. ನೀನು ಓದುವಾಗ ನಿನ್ನೆದುರಿಗೇ ನಿಂತಿರುತ್ತಾರೆ. ಬಾಯಿಬಿಟ್ಟು ಕರೆಯಲು ಅವರಿಗೆ ಬರುವುದಿಲ್ಲ. ನೀನೇ ಅವರ ಜೊತೆ ಹೊರಡು.