ಹಸಿರು ದೀಪದ ಹುಡುಗಿ

ಗದಗ,
ಫೆಬ್ರವರಿ ಮೂವತ್ತು, ೨೧೯೪

ಕಾಲೇಜುಗಳಲ್ಲಿ ಮನಶ್ಶಾಸ್ತ್ರ ಕಲಿಸುತ್ತಿರುವ ಹಿಂದಿನ ಕಾಲದ ಅಧ್ಯಾಪಕರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮವರು ಎಲ್ಲ ತಿಂಗಳಿಗೂ ಸಮನಾಗಿ ಮೂವತ್ತು ದಿನ ಹಂಚಿ, ಉಳಿದ ಐದು ದಿನಗಳನ್ನು ಪರೀಕ್ಷೆಗೆಂದು ತೆಗೆದಿಟ್ಟಿದ್ದಾರೆ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪಠ್ಯಗಳಿಂದ ಕಲಿತವಳು, ಆದ್ದರಿಂದ ಮಾತು ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದರಲ್ಲಿ ನಿಮಗೂ ಪಾಲಿದೆ.

ಹುಡುಗರು ಪಾಠ ಕೇಳುತ್ತಿಲ್ಲ, ಅವರನ್ನು ತೊಡಗಿಸಿಕೊಳ್ಳುವುದು ಹೇಗೆ ಎಂದು ನೀವು ಕಾರ್ಯಾಗಾರಗಳಲ್ಲಿ ಕೂತು ತಲೆ ಕೆಡಿಸಿಕೊಂಡಿರಿ. ನಿಮ್ಮ ವರದಿಗಳನ್ನು ಓದಿದ್ದೇನೆ. ಎತ್ತಿದ ಕೈಗಳನ್ನು ಎಣಿಸಿದಿರಿ, ಮೊಬೈಲಿನಲ್ಲಿ ರಸಪ್ರಶ್ನೆ ಆಡಿಸಿದಿರಿ, ಎಷ್ಟು ಜನ ಉತ್ತರ ಒತ್ತಿದರೆಂದು ಪಟ್ಟಿ ಬರೆದಿರಿ. ಉದ್ದೇಶ ಒಳ್ಳೆಯದೇ ಇತ್ತು. ಆದರೆ ನೀವು ಎಣಿಸಲು ಶುರುಮಾಡಿದ್ದನ್ನು ನಿಮ್ಮ ಮೊಮ್ಮಕ್ಕಳು ನಿಲ್ಲಿಸಲಿಲ್ಲ. ಈಗ ನಮ್ಮ ವಿದ್ಯಾರ್ಥಿಗಳ ಹಣೆಗೆ ಗಮನಪಟ್ಟಿ ಇರುತ್ತದೆ. ಬೆರಳಗಲದ ಬಟ್ಟೆ, ನಡುವೆ ಸಾಸಿವೆಯಷ್ಟು ದೀಪ. ಮನಸ್ಸು ಒಂದೆಡೆ ನಿಂತರೆ ಹಸಿರು, ಅಲೆದರೆ ಹಳದಿ. ಇಡೀ ತರಗತಿ ಹಸಿರಾಗಿದ್ದರೆ ಅದನ್ನು ಹಸಿರು ತಾಸು ಎನ್ನುತ್ತೇವೆ. ವರ್ಷಕ್ಕೆ ನೂರು ಹಸಿರು ತಾಸು ತೋರಿಸದ ಅಧ್ಯಾಪಕರನ್ನು ಮನೆಗೆ ಕಳಿಸುತ್ತಾರೆ.

ನನ್ನನ್ನು ಇಪ್ಪತ್ತಾರು ವರ್ಷ ಕಳಿಸಲಿಲ್ಲ. ನಾನು ಅಷ್ಟು ಜಾಣೆ! ನೆನಪಿನ ಪಾಠದ ನಡುವೆ ಸದ್ದಿಲ್ಲದೆ ಸೀರೆ ಬದಲಿಸಿ ಬಂದು, ಮೊದಲಿನದು ಯಾವ ಬಣ್ಣವಿತ್ತೆಂದು ಕೇಳುತ್ತಿದ್ದೆ. ಭಯದ ಪಾಠಕ್ಕೆ ಪಾಠಗಾಳಿ ಬಿಡುತ್ತಿದ್ದೆ. ಪಾಠಗಾಳಿ ಎಂದರೆ ಡಬ್ಬಿಯಲ್ಲಿ ಬರುವ ಒಂದು ಬಗೆಯ ಹಬೆ. ಮೂಗಿಗೆ ಹೋದರೆ ಮೂರು ನಿಮಿಷ ಬೇಕಾದ ಭಾವನೆ ಬರುತ್ತದೆ, ಆಮೇಲೆ ಹೋಗುತ್ತದೆ. ಹುಡುಗರು ಹೆದರಿ ಚೀರಿ, ಆಮೇಲೆ ಬಿದ್ದು ಬಿದ್ದು ನಗುತ್ತಿದ್ದರು. ದೀಪಗಳೆಲ್ಲ ಹಸಿರು.

ಕಳೆದ ಸೆಮಿಸ್ಟರಿನಲ್ಲಿ ಮುಂದಿನ ಬೆಂಚಿಗೆ ನೀಲವ್ವ ತಳವಾರ ಎಂಬ ಹುಡುಗಿ ಕೂರುತ್ತಿದ್ದಳು. ಎರಡು ತಿಂಗಳು ಅವಳ ದೀಪ ಒಮ್ಮೆಯೂ ಹಳದಿಯಾಗಲಿಲ್ಲ. ಪ್ರಶ್ನೆ ಕೇಳುತ್ತಿರಲಿಲ್ಲ, ನಗುತ್ತಿರಲಿಲ್ಲ. ಅದನ್ನು ನಾನು ಶ್ರದ್ಧೆ ಎಂದುಕೊಂಡೆ. ದುಃಖದ ಪಾಠದ ದಿನ ಗಾಳಿ ಬಿಟ್ಟೆ. ನಲವತ್ತು ಜನ ಬಿಕ್ಕಿ ಬಿಕ್ಕಿ ಅತ್ತರು, ಮೂರು ನಿಮಿಷಕ್ಕೆ ಕಣ್ಣೊರೆಸಿಕೊಂಡು ಕ್ಯಾಂಟೀನಿನ ಮಾತಿಗೆ ಬಿದ್ದರು. ನೀಲವ್ವ ಮೊದಲು ಹೇಗಿದ್ದಳೋ ಹಾಗೇ ಇದ್ದಳು, ದೀಪವೂ ಹಸಿರೇ. ನಾನು ಅವಳನ್ನು ಎಬ್ಬಿಸಿ ನಿಲ್ಲಿಸಿ, ಪಾಠ ಕೇಳುವುದೆಂದರೆ ಹೀಗೆ, ನೋಡಿ ಕಲಿಯಿರಿ ಎಂದು ಎಲ್ಲರ ಮುಂದೆ ಹಸಿರು ಶಾಲು ಹೊದಿಸಿದೆ. ಚಪ್ಪಾಳೆ ತಟ್ಟಿಸಿದೆ. ಅವಳು ಶಾಲು ಮಡಚಿ ನನ್ನ ಮೇಜಿನ ಮೇಲಿಟ್ಟು ಹೊರಗೆ ಹೋದವಳು ಮತ್ತೆ ಬರಲಿಲ್ಲ.

ವಾರದ ನಂತರ ಟಿ.ಸಿ. ಒಯ್ಯಲು ಅವಳ ತಾಯಿ ಬಂದರು. ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತೇನೆ: "ಆಕಿ ತಮ್ಮ ತೀರಿಕೊಂಡು ಮೂರು ತಿಂಗಳಾತ್ರಿ. ಮನ್ಯಾಗ ಯಾರ ಜೋಡಿನೂ ಮಾತಿಲ್ಲ. ಕಾಲೇಜಿನ್ಯಾಗ ಮನಸಿನ ಪಾಠ ಐತಲ್ಲ, ಅಲ್ಲಿ ಆಕಿ ದುಃಖ ಯಾರರೆ ಗುರುತು ಹಿಡೀತಾರ ಅಂತ ಕಳಿಸಿದ್ನಿರಿ."

ಗಮನಪಟ್ಟಿಯು ಮನಸ್ಸು ನಿಂತಿದೆ ಎಂದು ಹೇಳುತ್ತದೆ, ಎಲ್ಲಿ ನಿಂತಿದೆ ಎಂದು ಹೇಳುವುದಿಲ್ಲ. ಈ ಮಾತು ನಾನೇ ಕಲಿಸುವ ಮೊದಲ ಪಾಠದ ಎರಡನೇ ಪುಟದಲ್ಲಿದೆ. ಅದನ್ನು ಇಪ್ಪತ್ತಾರು ಸಲ ಕಲಿಸಿದ್ದೇನೆ. ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸಿತು.

ನಿನ್ನೆ ಅವಳ ಮನೆಗೆ ಹೋಗಿದ್ದೆ. ನೀಲವ್ವ ಬಾಗಿಲು ತೆರೆದು, ಕೂರಿಸಿ, ನೀರು ಕೊಟ್ಟು ಎದುರಿಗೆ ಕೂತಳು. ತಮ್ಮನ ಹೆಸರು ಕೇಳಿದೆ, ಅವಳು ನೀರಿನ ಲೋಟ ನನ್ನ ಕಡೆ ಸರಿಸಿದಳು. ತಪ್ಪಾಯಿತು, ಮರಳಿ ಬಾ ಎಂದು ಬೇಡಿಕೊಂಡೆ, ಬಹಳ ಹೊತ್ತು ಮಾತಾಡಿದೆ. ಎಲ್ಲ ಮುಗಿದ ಮೇಲೆ ಅವಳು ಒಂದೇ ಮಾತು ಕೇಳಿದಳು: "ಮೇಡಂ, ಇವತ್ತ ನಾ ಪಟ್ಟಿ ಕಟ್ಟಿಲ್ರಿ. ನಿಮ್ಮ ಮಾತು ಕೇಳಾಕತ್ತೀನೋ ಇಲ್ಲೋ, ಹೆಂಗ ತಿಳೀತೈತಿ ನಿಮಗ?"

ನಾನು ಅವಳ ಮುಖ ನೋಡಿದೆ. ಕಣ್ಣು, ತುಟಿ, ಮಡಿಲಲ್ಲಿದ್ದ ಕೈ, ಎಲ್ಲ ನೋಡಿದೆ. ನನಗೆ ತಿಳಿಯಲಿಲ್ಲ. ಅವಳ ಹಣೆಯ ಮೇಲೆ ದೀಪ ಹುಡುಕುತ್ತಿದ್ದೇನೆಂದು ಗೊತ್ತಾದಾಗ ಎದ್ದು ಬಂದೆ.

ನಿಮ್ಮಲ್ಲಿ ಒಂದೇ ಕೇಳಿಕೆ. ನಾಳೆ ಹಾಜರಿ ಕೂಗುವಾಗ ಪುಸ್ತಕ ನೋಡಬೇಡಿ, ಮುಖ ನೋಡಿ. ನಾಲ್ಕು ಜನ ಆಕಳಿಸಿದರೆ ಆಕಳಿಸಲಿ, ಅವರು ಚೆನ್ನಾಗಿದ್ದಾರೆ. ಅಲುಗಾಡದೆ ಕೂತವರನ್ನು ಪಾಠ ಮುಗಿದ ಮೇಲೆ ನಿಲ್ಲಿಸಿ, ಊಟ ಆಯಿತಾ ಎಂದು ಕೇಳಿ. ಉತ್ತರ ಸುಳ್ಳೋ ನಿಜವೋ ಎಂದು ಮುಖ ನೋಡಿ ತಿಳಿಯುವುದು ನಿಮಗೆ ಇನ್ನೂ ಬರುತ್ತದೆ. ನನಗೆ ಬರುವುದಿಲ್ಲ.

ಇಂತಿ,
ದಾಕ್ಷಾಯಣಿ ಬಳಿಗಾರ
ಮನಶ್ಶಾಸ್ತ್ರ ವಿಭಾಗ